ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕೊಯ್ಲಾದ ಗದ್ದೆಯಲ್ಲಿ ಮಕ್ಕಳು ಮುಟ್ಟಾಟಕ್ಕೆ ಇಳಿದರೆ ಜೊತೆಗೊಂದು ಪುಟಾಣಿ ತಮ್ಮನೋ ತಂಗಿಯೋ ಇರಲೇಬೇಕು. ಕರೆದುಕೊಂಡು ಹೋಗದಿದ್ದರೆ ಅಮ್ಮ ಆಟಕ್ಕೇ ಬಿಡುವುದಿಲ್ಲ. ಆ ಪುಟಾಣಿ ಮುಟ್ಟಿದರೂ ಮುಟ್ಟಿದಂತಲ್ಲ, ಔಟಾದರೂ ಔಟಲ್ಲ. ಅಂಥವರಿಗೆಂದೇ ನಮ್ಮಲ್ಲೊಂದು ಮಾತುಂಟು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಲೆಕ್ಕ ಕಲಿಸುವ ವಿಷಯದಲ್ಲಿ ನಮ್ಮ ಉಡುಪಿ ಜಿಲ್ಲೆ ಐವತ್ತು ವರ್ಷ ಏನು ಮಾಡಿತು ಎಂದು ಹಿಂತಿರುಗಿ ನೋಡಲು ಕುಳಿತಾಗ ಈ ಮಾತು ಮತ್ತೆ ಮತ್ತೆ ನಾಲಗೆಗೆ ಬಂತು.

ಐವತ್ತು ಯಾಕೆಂದರೆ, 2025ರ ಅಕ್ಟೋಬರ್ 2ಕ್ಕೆ ಅಂಗನವಾಡಿಗೆ ಅಷ್ಟು ವಯಸ್ಸಾಯಿತು. 1975ರ ಅದೇ ದಿನ ದೇಶದ 33 ಬ್ಲಾಕ್‌ಗಳಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಆಗ ನಾವು ಇನ್ನೂ ದಕ್ಷಿಣ ಕನ್ನಡ; ಉಡುಪಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ, ಕಾಪು ತಾಲೂಕಾದದ್ದು ಇನ್ನೂ ಈಚೆಗೆ. ಇವತ್ತು ಕಾಪುವಿನ ದೀಪಸ್ತಂಭದ ಬುಡದಿಂದ ಕಾರ್ಕಳದಾಚೆಯ ಘಟ್ಟದ ತಪ್ಪಲಿನವರೆಗೆ ಅಂಗನವಾಡಿಯಿಲ್ಲದ ಊರು ಹುಡುಕುವುದು ಕಷ್ಟ. ಗಂಜಿ, ಚುಚ್ಚುಮದ್ದು, ತೂಕ, ಬಾಣಂತಿಯರ ಆರೈಕೆ ಇವುಗಳಲ್ಲಿ ಈ ಕೇಂದ್ರಗಳು ಮಾಡಿದ ಕೆಲಸಕ್ಕೆ ನಾವು ತಲೆಬಾಗುತ್ತೇವೆ. ಇಲ್ಲಿ ಕೇಳಹೊರಟದ್ದು ಸಣ್ಣ ಪ್ರಶ್ನೆ. ಆ ಕೋಣೆಯಲ್ಲಿ ಕುಳಿತ ಮಗು ‘ಎಷ್ಟು’ ಎಂಬುದನ್ನು ಕಲಿಯಿತೇ?

ಪ್ರಶ್ನೆ ಸಣ್ಣದಾದರೂ ನಾವು ಪತ್ರಿಕೆಯವರು ಅದನ್ನು ಈವರೆಗೆ ಕೇಳಿದವರಲ್ಲ. ನಮ್ಮ ಲೆಕ್ಕ ಶುರುವಾಗುವುದೇ ಮೇ ತಿಂಗಳಲ್ಲಿ. 2024ರ ಎಸೆಸೆಲ್ಸಿಯಲ್ಲಿ ಶೇ 94 ಫಲಿತಾಂಶದೊಂದಿಗೆ ಉಡುಪಿ ರಾಜ್ಯಕ್ಕೇ ಮೊದಲು. 2025ರ ದ್ವಿತೀಯ ಪಿಯುಸಿಯಲ್ಲಿ ಶೇ 93.90, ಅಲ್ಲೂ ಮೊದಲು. ಅದೇ ವರ್ಷದ ಎಸೆಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಒಂದು ಹೆಜ್ಜೆ ಮುಂದೆ ಹೋಯಿತು, ನಾವು ಎರಡನೆಯವರಾದೆವು. ಅದಕ್ಕೂ ಚಹಾದಂಗಡಿಗಳಲ್ಲಿ ಒಂದು ವಾರ ಚರ್ಚೆ. ಗಣಿತದಲ್ಲಿ ನೂರಕ್ಕೆ ನೂರು ತೆಗೆದವರ ಮುಖಗಳನ್ನು ನಾವು ಸಾಲುಸಾಲಾಗಿ ಅಚ್ಚು ಹಾಕಿದ್ದೇವೆ. ಆ ಮುಖಗಳಿಗೆ ನಾಲ್ಕು ವರ್ಷವಾಗಿದ್ದಾಗ ಲೆಕ್ಕ ಹೇಗೆ ಹತ್ತಿತು, ಹತ್ತದೆ ಉಳಿದವರು ಎಲ್ಲಿ ಹೋದರು ಎಂದು ಒಂದು ಸಲವೂ ವಿಚಾರಿಸಿಲ್ಲ. ನೂರರಲ್ಲಿ ಆರು ಮಂದಿ ತೇರ್ಗಡೆಯಾಗದ ಜಿಲ್ಲೆ ಎಂದರೆ ಹೆಮ್ಮೆಪಡಬಹುದು, ಸರಿ. ಆ ಆರು ಮಂದಿಯ ತೊಂದರೆ ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ ಎಂಬುದು ಪಾಠ ಮಾಡಿದ ಯಾವ ಮೇಷ್ಟ್ರಿಗೂ ಗೊತ್ತು.

ಮನೆಯಲ್ಲಿ ನಾಲ್ಕು ವರ್ಷದ ಮಗು ಇದ್ದರೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಮಗು ಒಂದರಿಂದ ಇಪ್ಪತ್ತರ ತನಕ ಪಟಪಟನೆ ಹೇಳುತ್ತದೆ, ನೆಂಟರೆದುರು ಎರಡು ಸಲ ಹೇಳಿಸಿಯೂ ಆಗಿದೆ. ಈಗ ಒಂದು ತಟ್ಟೆಯಲ್ಲಿ ಹುಣಸೆ ಬೀಜ ಸುರಿದು, ‘ನನಗೆ ಐದು ಕೊಡು ಮಗಾ’ ಎನ್ನಿ. ಬಹಳ ಮಕ್ಕಳು ಒಂದು ಮುಷ್ಟಿ ಎತ್ತಿ ಕೊಡುತ್ತಾರೆ. ಇನ್ನೊಂದು ಬಗೆ: ನೀವೇ ಐದು ಬೀಜ ಸಾಲಾಗಿ ಇಟ್ಟು ಎಣಿಸಲು ಹೇಳಿ. ಒಂದು, ಎರಡು, ಮೂರು, ನಾಲ್ಕು, ಐದು. ಸರಿ. ‘ಹಾಗಾದರೆ ಎಷ್ಟುಂಟು?’ ಎಂದು ಕೇಳಿದರೆ ಮಗು ಮತ್ತೆ ಒಂದರಿಂದ ಶುರು ಮಾಡುತ್ತದೆ. ಐದು ಎಂಬುದು ಅದಕ್ಕೆ ಕೊನೆಯ ಬೀಜದ ಹೆಸರು, ಸಾಲಿನ ಅಳತೆಯಲ್ಲ.

ಎಣಿಕೆಯ ಹಿಂದೆ ಇರುವ ಈ ತಿಳಿವಳಿಕೆಯನ್ನು 1978ರಷ್ಟು ಹಿಂದೆಯೇ ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನಶ್ಶಾಸ್ತ್ರಜ್ಞರು ಬಿಡಿಸಿಟ್ಟಿದ್ದರು: ಒಂದು ವಸ್ತುವಿಗೆ ಒಂದೇ ಹೆಸರು, ಹೆಸರುಗಳಿಗೆ ಬದಲಾಗದ ಕ್ರಮ, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ, ಎಲ್ಲಿಂದ ಎಣಿಸಿದರೂ ಮೊತ್ತ ಅಷ್ಟೇ, ಬೀಜವನ್ನೇ ಆಗಲಿ ಬಾಗಿಲು ತಟ್ಟಿದ ಸದ್ದನ್ನೇ ಆಗಲಿ ಎಣಿಸಬಹುದು. ದೊಡ್ಡವರಾದ ನಮಗೆ ಇದು ಹೇಳುವಂಥ ವಿಷಯವೇ ಅಲ್ಲ. ಮಗುವಿಗೆ ಇದನ್ನು ದಾಟಲು ತಿಂಗಳುಗಟ್ಟಲೆ ಬೇಕು. 2007ರಲ್ಲಿ ಗ್ರೆಗ್ ಡಂಕನ್ ಮತ್ತು ಸಂಗಡಿಗರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಆರು ದೊಡ್ಡ ಅಧ್ಯಯನಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ, ಶಾಲೆ ಸೇರುವ ಹೊತ್ತಿಗೆ ಮಗುವಿಗಿದ್ದ ಗಣಿತದ ತಿಳಿವಳಿಕೆಯೇ ಮುಂದಿನ ಕಲಿಕೆಯ ಅತಿ ಬಲವಾದ ಮುನ್ಸೂಚನೆ ಎಂದು ಕಂಡಿತು. ಆಗಿನ ಓದುವ ಕೌಶಲ ಅದರ ನಂತರದ್ದು. ಇದು ಅಮೆರಿಕ, ಬ್ರಿಟನ್, ಕೆನಡಾಗಳ ಮಾತು, ನಮಗೆ ಪೂರ್ತಿ ಒಪ್ಪಬೇಕೆಂದಿಲ್ಲ. ಆದರೂ ‘ಮೊದಲು ಅಕ್ಷರ ಕಲಿಯಲಿ, ಲೆಕ್ಕ ಆಮೇಲೆ ನೋಡುವ’ ಎಂಬ ನಮ್ಮ ಅಭ್ಯಾಸವನ್ನು ಒಂದು ಸಲ ಅಲುಗಾಡಿಸಬಲ್ಲ ಮಾತು.

ಇಲ್ಲಿನ ಮಗುವಿಗೆ ಇನ್ನೊಂದು ವಿಶೇಷ ಉಂಟು. ಅದು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮೂರು ಭಾಷೆಗಳಲ್ಲಿ ಎಣಿಸುತ್ತದೆ. ಮನೆಯಲ್ಲಿ ಒಂಜಿ, ರಡ್ಡ್, ಮೂಜಿ. ಅಂಗನವಾಡಿಯಲ್ಲಿ ಒಂದು, ಎರಡು, ಮೂರು. ಪಕ್ಕದ ಮನೆಯ ಮಗುವಿನ ಎಲ್‌ಕೆಜಿ ಪುಸ್ತಕದಲ್ಲಿ ವನ್, ಟೂ, ತ್ರೀ. ರಥಬೀದಿಯ ಕೊಂಕಣಿ ಮನೆಯಾದರೆ ಏಕ, ದೋನಿ, ತೀನಿ. ಇದನ್ನು ಹೊರೆ ಎಂದವರಿದ್ದಾರೆ. ನಮಗೆ ಹಾಗನಿಸುವುದಿಲ್ಲ, ಯಾಕೆಂದರೆ ತುಳು ಮತ್ತು ಕನ್ನಡದ ಸಂಖ್ಯೆಯ ಹೆಸರುಗಳು ಒಳಗಿನ ಕಟ್ಟನ್ನು ತಾವೇ ಬಿಚ್ಚಿ ತೋರಿಸುತ್ತವೆ. ಇಪ್ಪತ್ತೊಂದು ಎಂದರೆ ಇಪ್ಪತ್ತು ಮತ್ತು ಒಂದು. ತುಳುವಿನ ಪತ್ತೊಂಜಿಯಲ್ಲಿ ಪತ್ತ್ ಕಾಣುತ್ತದೆ, ಒಂಜಿಯೂ ಕಾಣುತ್ತದೆ. ಹನ್ನೊಂದರಲ್ಲಿ ಹತ್ತು ಸ್ವಲ್ಪ ಮುಖ ಮುಚ್ಚಿಕೊಂಡಿದೆ, ಆದರೂ ಗುರುತು ಸಿಗುತ್ತದೆ. ಇಲೆವೆನ್, ಟ್ವೆಲ್ವ್‌ಗಳಲ್ಲಿ ಮಗುವಿಗೆ ಏನೂ ಕಾಣುವುದಿಲ್ಲ. ಥರ್ಟೀನ್‌ಗೂ ಥರ್ಟಿಗೂ ಕಿವಿಯಲ್ಲಿ ವ್ಯತ್ಯಾಸವೇ ಇಲ್ಲ. ಕೊಂಕಣಿಯಲ್ಲಿ ಹತ್ತೊಂಬತ್ತಕ್ಕೆ ಎಕುಣೀಸ, ಅಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಕೂಡಿಸುವ ಮೊದಲೇ ಕಳೆಯುವ ಲೆಕ್ಕ ನಾಲಗೆಯ ಮೇಲೆ ಕುಳಿತಿರುತ್ತದೆ. ಚೀನಾದ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಹತ್ತರ ತನಕ ಇಬ್ಬರೂ ಸಮ. ಹನ್ನೊಂದರಿಂದ ಆಚೆಗೆ, ಹೆಸರುಗಳು ಸರಳವಾಗಿರುವ ಚೀನೀ ಮಕ್ಕಳು ಮುಂದೆ ಹೋಗುತ್ತಾರೆ. ತುಳು, ಕನ್ನಡಗಳೂ ಈ ವಿಷಯದಲ್ಲಿ ಚೀನೀಯ ಕಡೆಯವು.

ಇಪ್ಪತ್ತೊಂಬತ್ತರ ನಂತರ ‘ಇಪ್ಪತ್ತಹತ್ತು’ ಎನ್ನುವ ಮಗುವನ್ನು ಎಲ್ಲರೂ ಕಂಡಿದ್ದೇವೆ, ನಕ್ಕಿದ್ದೇವೆ. ಅದು ತಪ್ಪುಗಳಲ್ಲಿ ಬಹಳ ಒಳ್ಳೆಯ ಜಾತಿಯ ತಪ್ಪು. ಬಾಯಿಪಾಠ ಮಾಡಿದ ಮಗು ಇಪ್ಪತ್ತೊಂಬತ್ತಕ್ಕೆ ಬಂದು ತಡವರಿಸಿ ನಿಲ್ಲುತ್ತದೆ. ನಿಯಮ ಹಿಡಿದ ಮಗು ಮಾತ್ರ ಇಪ್ಪತ್ತಹತ್ತು ಎನ್ನುತ್ತದೆ. ಆ ಹೊತ್ತಿಗೆ ಹತ್ತು ಹಿಡಿಸೂಡಿ ಕಡ್ಡಿಗಳ ಮೂರು ಕಟ್ಟು ಎದುರಿಗಿಟ್ಟು, ‘ಇದಕ್ಕೆ ಇನ್ನೊಂದು ಹೆಸರುಂಟು, ಮೂವತ್ತು’ ಎಂದರೆ ದಶಕಸ್ಥಾನ ಎಂಬ ಪಾಠದ ಅರ್ಧ ಮುಗಿದಂತೆ. ನಾವು ಮಾಡುವುದು, ‘ಅಲ್ಲ, ಮೂವತ್ತು! ಮೊದಲಿಂದ ಹೇಳು’ ಎಂದು ಗದರುವುದು.

ಬಾಯಿಪಾಠವನ್ನು ಹಳಿಯುವುದು ಈಗ ಫ್ಯಾಷನ್, ಆ ಸಾಲಿಗೆ ಸೇರಲು ನಮಗೆ ಮನಸ್ಸಿಲ್ಲ. ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಬೆರಳಿಂದ ತಿದ್ದಿ, ಸಂಜೆ ದೀಪದೆದುರು ಮಗ್ಗಿ ಹೇಳಿ ಬೆಳೆದ ತಲೆಮಾರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಲ್ಲಿ ಇಟ್ಟುಕೊಂಡಿತ್ತು. ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಮಾಣಿಯಾಗಿ, ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ಗಲ್ಲೆಯ ಮೇಲೆ ಕುಳಿತವರಿಗೆ ಕಾಗದ ಬೇಕಾಗುತ್ತಿರಲಿಲ್ಲ. ಈ ಊರಿನ ಲೆಕ್ಕದ ಗೀಳು ಎಂಥದ್ದೆಂದರೆ, 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಉಡುಪಿಯಲ್ಲಿ ಬಾಗಿಲು ತೆರೆದ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯ ಮೊದಲ ದಿನದ ಸಂಗ್ರಹ ಇಂದಿಗೂ ನೆನಪಿನಲ್ಲಿದೆ: 38 ರೂಪಾಯಿ, 13 ಆಣೆ, 2 ಪೈ. ಆ ಎರಡು ಪೈಯನ್ನು ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಕಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಾಗ ದಿನಕ್ಕೆ ಎರಡೇ ಆಣೆ. ಎಂಟು ದಿನಕ್ಕೆ ಒಂದು ರೂಪಾಯಿ. ಮನೆ ಬಾಗಿಲಿಗೆ ಬರುತ್ತಿದ್ದ ಸಂಗ್ರಾಹಕನ ಪುಸ್ತಕದಲ್ಲಿ ಅಮ್ಮನ ಹೆಸರಿನ ಎದುರು ಅಂಕಿ ಬೆಳೆಯುವುದನ್ನು ಮಕ್ಕಳು ನೋಡುತ್ತಿದ್ದರು. ಈ ಎರಡೂ ಬ್ಯಾಂಕುಗಳ ಹೆಸರು 2020ರ ಏಪ್ರಿಲ್ 1ರಂದು ಒಟ್ಟಿಗೇ ಅಳಿಸಿಹೋಯಿತು; ಅದು ಬೇರೆ ಸಂಕಟ, ಬೇರೆ ಸಂಪಾದಕೀಯ.

ಆದರೆ ಹಳೆಯ ಪದ್ಧತಿಯಲ್ಲಿ ಮಠದೊಳಗೆ ಮಗ್ಗಿಯಿದ್ದರೆ ಮಠದ ಹೊರಗೆ ಮುಡಿ, ಕಳಸಿಗೆ, ಸೇರು, ಪಾವು ಇದ್ದವು. ಮೂರು ಕಳಸಿಗೆ ಸೇರಿ ಒಂದು ಮುಡಿ ಅಕ್ಕಿಯಾಗುವುದನ್ನು ಮಗು ಕಣ್ಣಾರೆ ಕಾಣುತ್ತಿತ್ತು, ಬೈಹುಲ್ಲಿನ ಮುಡಿ ಕಟ್ಟುವಾಗ ಅಡ್ಡ ಬಂದು ಬೈಸಿಕೊಳ್ಳುತ್ತಿತ್ತು. ನಾವು ಉಳಿಸಿಕೊಂಡದ್ದು ಬಾಯಿಪಾಠ, ಕಳೆದುಕೊಂಡದ್ದು ಮುಡಿ.

ಅಂಗನವಾಡಿಗೆ ಬರೋಣ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಕಾಗದದ ಮೇಲೆ ಆರರಲ್ಲಿ ಒಂದು; ದಿನದ ಕೆಲಸದಲ್ಲಿ ಅದಕ್ಕೆ ಸಿಗುವುದು ಉಳಿದ ಐದು ಮುಗಿದ ಮೇಲಿನ ಹೊತ್ತು. ಬೆಳಿಗ್ಗೆ ಬಾಗಿಲು ತೆರೆದ ಟೀಚರ್ (ಸರಕಾರಕ್ಕೆ ಅವರು ಕಾರ್ಯಕರ್ತೆ, ಮಕ್ಕಳಿಗೆ ಟೀಚರ್) ಹಾಜರಿ ಹಾಕಬೇಕು, ಆಹಾರದ ಲೆಕ್ಕ ಬರೆಯಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು, ನೆಟ್‌ವರ್ಕ್ ಸಿಗದಿದ್ದರೆ ಗುಡ್ಡದ ಮೇಲೆ ನಿಲ್ಲಬೇಕು, ಚುನಾವಣೆಯೋ ಸಮೀಕ್ಷೆಯೋ ಬಂದರೆ ಅದಕ್ಕೂ ಓಡಬೇಕು. ರಾಜ್ಯದ ‘ಚಿಲಿಪಿಲಿ’ ಚಟುವಟಿಕೆ ಪುಸ್ತಕದಲ್ಲಿ ದೊಡ್ಡದು-ಚಿಕ್ಕದು, ಹೆಚ್ಚು-ಕಡಿಮೆ, ಹತ್ತಿರ-ದೂರ, ಆಕಾರ ಎಲ್ಲವೂ ಇವೆ, ಪುಸ್ತಕದ ತಪ್ಪಿಲ್ಲ. ಪುಸ್ತಕ ತೆರೆಯುವ ಕೈಗೆ ಬಿಡುವಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಮಗುವಿನ ತೂಕ ಕಡಿಮೆಯಾದರೆ ಕೇಳುವವರಿದ್ದಾರೆ, ಪಟ್ಟಿಯಲ್ಲಿ ಕೆಂಪು ಬಣ್ಣವಿದೆ, ಮೇಲ್ವಿಚಾರಕಿಯ ಫೋನು ಬರುತ್ತದೆ. ಮಗುವಿಗೆ ಐದು ಎಂದರೇನೆಂದು ಗೊತ್ತಿಲ್ಲದಿದ್ದರೆ ಯಾವ ಫೋನೂ ಬರುವುದಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ‘ಪೋಷಣೆಯೂ ಪಾಠವೂ’ ಎಂಬರ್ಥದ ಕಾರ್ಯಕ್ರಮ ಶುರು ಮಾಡಿತು. ಯೋಜನೆಗೆ ಆಗ 48ನೇ ವರ್ಷ ನಡೆಯುತ್ತಿತ್ತು.

ಅಷ್ಟರಲ್ಲಿ ತಂದೆತಾಯಿಗಳು ಬೇರೆ ದಾರಿ ಹಿಡಿದಾಗಿತ್ತು. ಹಳದಿ ವ್ಯಾನು ಮೂರೂವರೆ ವರ್ಷದ ಮಗುವನ್ನು ಮನೆಯಂಗಳದಿಂದಲೇ ಎತ್ತಿಕೊಂಡು ಹೋಗುತ್ತದೆ. ಮಣಿಪಾಲ ಒಂದು ಕಾಲದಲ್ಲಿ ಬೋಳುಗುಡ್ಡ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಎಂದು ಬೆಳೆಯುತ್ತ ಹೋದ ಆ ಗುಡ್ಡ ಇಡೀ ಜಿಲ್ಲೆಯ ಕನಸಿನ ಎತ್ತರವಾಯಿತು. ಮಗುವಿಗೆ ಮೂರು ತುಂಬುವಾಗಲೇ ಮಣಿಪಾಲದ ಸೀಟು ಕಣ್ಣೆದುರು ಬಂದರೆ ತಪ್ಪು ಯಾರದ್ದು ಎನ್ನುವುದು? ಎಲ್‌ಕೆಜಿಯ ಗಣಿತ ಎಂದರೆ ಪುಸ್ತಕದಲ್ಲಿ ಒಂದರಿಂದ ನೂರು ಬರೆಯುವುದು, ಯುಕೆಜಿ ಮುಗಿಯುವುದರೊಳಗೆ ಎರಡರ ಮಗ್ಗಿ ಇಂಗ್ಲಿಷಿನಲ್ಲಿ. ಪೆನ್ಸಿಲು ಹಿಡಿಯಲು ಬೆರಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಬೆರಳು ಮಡಚಿ ಎಣಿಸಿದರೆ ‘ನಾಚಿಕೆಯಾಗುವುದಿಲ್ವಾ’ ಎಂಬ ಬೈಗುಳ. ಹೆಬ್ಬೆರಳಿಂದ ಉಳಿದ ನಾಲ್ಕು ಬೆರಳಿನ ಮೂರು ಮೂರು ಗೆಣ್ಣು ಮುಟ್ಟುತ್ತ ಹನ್ನೆರಡರ ತನಕ ಎಣಿಸುವ ಅಜ್ಜಿಗೆ ಯಾರೂ ಹಾಗೆ ಬೈದದ್ದು ನಾವು ಕೇಳಿಲ್ಲ. ಹಾಗೆಂದು ಎಲ್ಲ ಖಾಸಗಿ ಶಾಲೆಗಳನ್ನೂ ಒಂದೇ ಬುಟ್ಟಿಗೆ ಹಾಕುವುದು ಅನ್ಯಾಯ. ಮಣಿ, ಕಡ್ಡಿ, ಮರಳು ಇಟ್ಟುಕೊಂಡು ತಾಳ್ಮೆಯಿಂದ ಕಲಿಸುವ ಟೀಚರುಗಳನ್ನು ಅಲ್ಲಿಯೂ ಕಂಡಿದ್ದೇವೆ. ಫೀಸು ಕೊಟ್ಟವರು ಪುಸ್ತಕ ತುಂಬಿಲ್ಲ ಎಂದು ಜಗಳಕ್ಕೆ ಬರುವುದು ಅವರಿಗೂ ತಪ್ಪಿದ್ದಲ್ಲ.

ಸರಕಾರಿ ಶಾಲೆಯ ಒಂದನೇ ತರಗತಿಯ ಕತೆ ಬೇರೆ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಋಷಿವ್ಯಾಲಿಗೆ ಹೋಗಿ ನೋಡಿಬಂದು ಕಟ್ಟಿದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೂ ಬಂತು. ಮಕ್ಕಳು ಗುಂಡಗೆ ಕುಳಿತರು, ತಲೆಯ ಮೇಲೆ ಚಪ್ಪರದಲ್ಲಿ ಅವರ ಚಿತ್ರಗಳು ತೂಗಾಡಿದವು, ಗೋಡೆಯಲ್ಲಿ ಕಲಿಕಾ ಏಣಿ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬ ವಿಚಾರ ಇಂದಿಗೂ ನಮ್ಮಲ್ಲಿ ಬಂದ ಸುಧಾರಣೆಗಳಲ್ಲೇ ದೊಡ್ಡದು ಎಂದು ನಮ್ಮ ಅಭಿಪ್ರಾಯ. ಆದರೆ ಕಲಿಕೆಯ ಕಾರ್ಡು ಹರಿದಾಗ ಹೊಸದು ಬರಲಿಲ್ಲ, ಮೂರು ತರಗತಿಗೆ ಒಬ್ಬರೇ ಟೀಚರ್ ಆದರು, ಏಣಿ ಗೋಡೆಯಲ್ಲೇ ಉಳಿಯಿತು. ನಂತರ ಅಕ್ಷರ ಫೌಂಡೇಶನ್ ಜೊತೆಗೂಡಿ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಬಂತು. ಅದು ನಾಲ್ಕು, ಐದನೇ ತರಗತಿಗೆ. 2021ರ ಜುಲೈ 5ರಂದು ಹೊರಟ ಕೇಂದ್ರದ ನಿಪುಣ್ ಭಾರತ್ ಕಾರ್ಯಕ್ರಮಕ್ಕೆ ಗಡುವು 2026-27, ಗುರಿ ಮೂರನೇ ತರಗತಿಯೊಳಗೆ ಓದು-ಲೆಕ್ಕ. ಅದರ ಬೆನ್ನಿಗೇ 2022ರ ಅಕ್ಟೋಬರ್‌ನಲ್ಲಿ ಮೂರರಿಂದ ಎಂಟು ವರ್ಷದವರಿಗೆ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು. ಹೆಸರುಗಳಿಗೇನೂ ಕೊರತೆಯಾಗಲಿಲ್ಲ.

ಕೊರೋನಾದ ಪುಟವನ್ನು ಹಾರಿಸುವಂತಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಅಂಗನವಾಡಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ನವೆಂಬರ್ 8ಕ್ಕೆ. ಸುಮಾರು ಇಪ್ಪತ್ತು ತಿಂಗಳು. 2020ರಲ್ಲಿ ನಾಲ್ಕು ವರ್ಷದವರಾಗಿದ್ದವರು 2025ಕ್ಕೆ ಒಂಬತ್ತರವರು. ಬೀಜ ಎಣಿಸಬೇಕಾದ ವಯಸ್ಸನ್ನು ಮೊಬೈಲ್ ಪರದೆಯ ಎದುರು ಕಳೆದು ನೇರವಾಗಿ ಕೂಡಿಸುವ ಲೆಕ್ಕಕ್ಕೆ ಬಂದವರು. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮೂರನೇ ತರಗತಿಯಲ್ಲಿ ದಶಕ ಪಡೆದು ಕಳೆಯುವ ಲೆಕ್ಕ ಮಾಡಬಲ್ಲವರು 2018ರಲ್ಲಿ ಶೇ 28.2, 2022ರಲ್ಲಿ ಶೇ 25.9, 2024ರಲ್ಲಿ ಶೇ 33.7. ಏರಿದೆ, ಸಂತೋಷ. ಮೂವರಲ್ಲಿ ಇಬ್ಬರಿಗೆ ಇನ್ನೂ ಬರುವುದಿಲ್ಲ ಎಂದೂ ಅದೇ ಅಂಕಿ ಹೇಳುತ್ತದೆ.

ಇಷ್ಟೆಲ್ಲ ಯೋಜನೆಗಳ ನಡುವೆ ನಮ್ಮ ಮನೆಗಳಲ್ಲೇ ಬಿದ್ದಿದ್ದ ಗಣಿತವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ ಎಂಬುದು ನಮ್ಮ ಮುಖ್ಯ ದೂರು. ಕಾಪು ತಾಲೂಕಿನ ಶಂಕರಪುರಕ್ಕೆ ಬೆಳಿಗ್ಗೆ ಹೋಗಿ. ಮನೆಯ ಜಗಲಿಯಲ್ಲಿ ಮಲ್ಲಿಗೆ ಮೊಗ್ಗಿನ ರಾಶಿ, ಬಾಳೆಯ ನಾರು, ಸುತ್ತ ಕುಳಿತ ಹೆಂಗಸರು. ಮಾತಿಗೆ ಮಾತು ನಡೆಯುತ್ತಿರುತ್ತದೆ, ಬೆರಳು ತನ್ನ ಪಾಡಿಗೆ ಎಣಿಸಿ ಕಟ್ಟುತ್ತಿರುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ 3,200 ಹೂವು. ದರ ಅಟ್ಟೆಯ ಲೆಕ್ಕದಲ್ಲಿ ದಿನಕ್ಕೊಂದು. ಮದುವೆಯ ಕಾಲಕ್ಕೆ ಏರಿ, ಮಳೆಗೆ ಇಳಿದು, ಮತ್ತೆ ಏರುತ್ತದೆ. ‘ಇವತ್ತು ಎರಡೂವರೆ ಅಟ್ಟೆ, ನಿನ್ನೆಗಿಂತ ಅರ್ಧ ಕಡಿಮೆ’ ಎಂದು ಅಜ್ಜಿ ಹೇಳುವಾಗ ಪಕ್ಕದಲ್ಲಿ ಕುಳಿತ ಮಗುವಿಗೆ ಅರ್ಧ ಎಂಬುದು ಕಾಗದದ ಮೇಲಿನ ಗೆರೆಯಾಗಿರುವುದಿಲ್ಲ. ಬುಟ್ಟಿಯಲ್ಲಿ ಕಾಣುವ ಖಾಲಿ ಜಾಗವಾಗಿರುತ್ತದೆ. ಆ ಮಗುವಿಗೆ ಹತ್ತು ಮೊಗ್ಗು ಬೇರೆ ಮಾಡಿಕೊಡಲು ಹೇಳಿದರೆ ಸಾಕು. ಮಲ್ಪೆಯಲ್ಲಿ ಬಂಗುಡೆ ಎಣಿಸುವ ಮೀನಿನ ಹೆಂಗಸರನ್ನು ನೋಡಿ. ಎರಡೆರಡು ಎತ್ತಿ ಬುಟ್ಟಿಗೆ ಹಾಕುವ ಆ ಕೈಯ ಲಯದಲ್ಲಿ ಎರಡರ ಮಗ್ಗಿ ಉಂಟು, ಕೊನೆಗೆ ಕೊಸರಿಗೆ ಒಂದು ಸಣ್ಣ ಮೀನು ಬೇರೆ.

ಆದರೆ ಇದನ್ನು ಸಿಹಿ ನೆನಪಿನಂತೆ ಬರೆದು ಮುಗಿಸುವುದು ಸುಳ್ಳಾಗುತ್ತದೆ. ಕಾರ್ಕಳ, ಉಡುಪಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಇಪ್ಪತ್ತೈದರ ಲೆಕ್ಕ ಕಲಿತದ್ದು ಬೀಡಿಯಿಂದ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಒಂದು ಸಾವಿರ, ಸಾವಿರಕ್ಕೆ ಮಜೂರಿ. ಅಮ್ಮನ ಮೊರದ ಪಕ್ಕ ಕುಳಿತು ನೂಲು ಸುತ್ತಿದ ಮಕ್ಕಳ ಕಣ್ಣು ಹೊಗೆಸೊಪ್ಪಿನ ಧೂಳಿಗೆ ಉರಿಯುತ್ತಿತ್ತು. ಆ ಲೆಕ್ಕ ಯಾರಿಗೂ ಬೇಡ. ಇನ್ನೊಂದು ಎಚ್ಚರಿಕೆಯೂ ಉಂಟು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ವ್ಯಾಪಾರಕ್ಕೆ ಕುಳಿತ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ತರಕಾರಿಯ ತೂಕ, ದರ, ಚಿಲ್ಲರೆ ಎಲ್ಲವನ್ನೂ ತಲೆಯಲ್ಲೇ ಮಾಡುವ ಮಕ್ಕಳಿಗೆ ಅದೇ ಬಗೆಯ ಲೆಕ್ಕವನ್ನು ಶಾಲೆಯ ಕಾಗದದಲ್ಲಿ ಕೊಟ್ಟರೆ ಬರಲಿಲ್ಲ. ಶಾಲೆಯ ಲೆಕ್ಕ ಬಲ್ಲ ಮಕ್ಕಳಿಗೆ ಸಂತೆಯ ಲೆಕ್ಕ ಬರಲಿಲ್ಲ. ಶಂಕರಪುರದ ಜಗಲಿಗೂ ಅಲ್ಲೇ ಪಕ್ಕದ ಶಾಲೆಗೂ ನಡುವೆ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ ಎಂದಾಯಿತು.

ಆಟವಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ ಇದೇ ಗತಿ. ದೆಹಲಿಯಲ್ಲಿ ಪ್ರಥಮ್ ಸಂಸ್ಥೆಯ 214 ಶಾಲಾಪೂರ್ವ ಕೇಂದ್ರಗಳಲ್ಲಿ ಮಕ್ಕಳಿಗೆ ನಾಲ್ಕು ತಿಂಗಳು ಗಣಿತದ ಆಟಗಳನ್ನು ಆಡಿಸಿದರು. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ನಮ್ಮಂಥ ಉತ್ಸಾಹಿಗಳ ಬಾಯಿ ಮುಚ್ಚಿಸುವಂಥದ್ದು. ಯಾವುದು ಹೆಚ್ಚು, ಯಾವುದು ಕಡಿಮೆ, ಯಾವ ಆಕಾರ ಬೇರೆ ಎಂಬ ಅಂದಾಜು ವರ್ಷವಾದರೂ ಉಳಿಯಿತು. ಒಂದನೇ ತರಗತಿಯ ಲೆಕ್ಕದಲ್ಲಿ ಆ ಮಕ್ಕಳು ಬೇರೆಯವರಿಗಿಂತ ಮುಂದೆ ಹೋಗಲಿಲ್ಲ. ಆ ಆಟಗಳಲ್ಲಿ ಅಂಕಿಯ ಹೆಸರು, ಅಂಕಿಯ ಗುರುತು ಇರಲಿಲ್ಲ ಎಂಬುದನ್ನು ಗಮನಿಸಬೇಕು. ಇದಕ್ಕೆ ಎದುರಾಗಿ, 2008ರಲ್ಲಿ ರಮಣಿ ಮತ್ತು ಸೀಗ್ಲರ್ ಅಮೆರಿಕದ ಬಡ ಮಕ್ಕಳಿಗೆ ಒಂದರಿಂದ ಹತ್ತರ ತನಕ ನೇರ ಸಾಲಿನಲ್ಲಿ ಅಂಕಿ ಬರೆದ ಹಲಗೆಯ ಮೇಲೆ ಕಾಯಿ ನಡೆಸುವ ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಕಾಲು ಗಂಟೆ. ಒಟ್ಟು ಒಂದು ಗಂಟೆಯ ಆಟದಿಂದ ಬಂದ ಲಾಭ ಒಂಬತ್ತು ವಾರದ ನಂತರವೂ ಇತ್ತು. ಅಂಕಿಯಿಲ್ಲದೆ ಬಣ್ಣ ಮಾತ್ರ ಇದ್ದ ಹಲಗೆಯಲ್ಲಿ ಆಡಿದವರಿಗೆ ಅದು ಸಿಗಲಿಲ್ಲ. (ಹಾವು-ಏಣಿ ನಾಲ್ಕು ವರ್ಷದವರಿಗೆ ಆಗಿಬರುವುದಿಲ್ಲ, ಹತ್ತಕ್ಕೆ ಬಂದು ಹಿಂದಕ್ಕೆ ತಿರುಗುವ ಸಾಲಿನಲ್ಲಿ ದೊಡ್ಡವರೂ ದಾರಿ ತಪ್ಪುತ್ತಾರೆ. ಅಂಗಳದಲ್ಲಿ ಸುಣ್ಣದಿಂದ ಹತ್ತು ಮನೆ ನೇರಕ್ಕೆ ಬರೆದು ಕುಪ್ಪಳಿಸಿದರೆ ಲೇಸು.)

ಕೈಯಲ್ಲಿ ವಸ್ತು, ಬಾಯಲ್ಲಿ ಹೆಸರು, ಕಣ್ಣೆದುರು ಅಂಕಿ, ಈ ಮೂರೂ ಒಂದೇ ಹೊತ್ತಿಗೆ ಕೂಡಬೇಕು. ಜಗಲಿಯಲ್ಲಿ ಮೊಗ್ಗು ಇದೆ, ಅಂಕಿಯಿಲ್ಲ. ಎಲ್‌ಕೆಜಿಯಲ್ಲಿ ಅಂಕಿ ಇದೆ, ಮೊಗ್ಗಿಲ್ಲ. ಅಂಗನವಾಡಿಯಲ್ಲಿ ಹೆಸರು ಇದೆ, ಪಾಪ, ಟೀಚರಿಗೆ ಹೊತ್ತಿಲ್ಲ. ಈ ಮೂರನ್ನೂ ಕೂಡಿಸಲು ದೊಡ್ಡ ದುಡ್ಡು ಬೇಕಿಲ್ಲ. ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಗೋಡೆಯ ಬಣ್ಣ, ನೀರಿನ ಟ್ಯಾಂಕಿಯ ಮಾತು ಮುಗಿದ ಮೇಲೆ ‘ನಮ್ಮ ಮಕ್ಕಳು ಐದು ಬೀಜ ಎಣಿಸಿ ಕೊಡುತ್ತಾರಾ?’ ಎಂದು ಒಬ್ಬ ಅಮ್ಮ ಕೇಳಿದರೂ ಸಾಕು. ಟೀಚರ್ ಮೈಮೇಲಿನ ಬೇರೆ ಇಲಾಖೆಗಳ ಕೆಲಸ ಇಳಿಸುವುದು ಮಾತ್ರ ಸರಕಾರವೇ ಮಾಡಬೇಕಾದದ್ದು, ಅದಕ್ಕೆ ಊರಿನ ಉಪಾಯ ನಡೆಯುವುದಿಲ್ಲ.

ಎಣಿಸಲು ವಸ್ತು ಹುಡುಕುವವರಲ್ಲಿ ಕಾರ್ಕಳದವರು ಅದೃಷ್ಟವಂತರು. 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ಮುಖ, ಒಟ್ಟು 108 ಕಂಬ. ಯಾವ ಬಾಗಿಲಿಂದ ಒಳಗೆ ನೋಡಿದರೂ ಮೂರು ತೀರ್ಥಂಕರರು: ಅರ, ಮಲ್ಲಿ, ಮುನಿಸುವ್ರತ. ಮೂರರಂತೆ ನಾಲ್ಕು ಕಡೆ. ಐದು ವರ್ಷದ ಮಗುವನ್ನು ಸುತ್ತು ಬರಿಸಿ, ‘ಈ ಬಾಗಿಲಲ್ಲಿ ಎಷ್ಟು ಮಂದಿ? ಆ ಬಾಗಿಲಲ್ಲಿ?’ ಎಂದು ಕೇಳುತ್ತ ಹೋದರೆ ಗುಣಾಕಾರಕ್ಕೆ ಬೇರೆ ಪೀಠಿಕೆ ಬೇಡ. ಎದುರಿನ ಬೆಟ್ಟದಲ್ಲಿ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟನ ಪಾದದ ಬೆರಳಿಗೆ ತನ್ನ ಎತ್ತರ ಹೋಲಿಸಿ ನೋಡದ ಮಗು ಇಲ್ಲ. ಅಳತೆಯ ಪಾಠ ಅಲ್ಲೇ ಶುರುವಾಗಿರುತ್ತದೆ. ನಾವು ಪ್ರವಾಸಕ್ಕೆ ಕರೆದೊಯ್ದು, ಇಸವಿ ಬರೆಸಿ, ಐಸ್‌ಕ್ಯಾಂಡಿ ಕೊಡಿಸಿ ವಾಪಸು ಕರೆತರುತ್ತೇವೆ. ಉಡುಪಿಯಲ್ಲೂ ಅಷ್ಟೇ. 2026ರ ಜನವರಿಯ ಪರ್ಯಾಯಕ್ಕೆ ಊರು ಸಿಂಗಾರವಾಗಿತ್ತು. ಎಂಟು ಮಠ, ಮಠಕ್ಕೆ ಎರಡು ವರ್ಷ. ಆಗ ಶುರುವಾದದ್ದು ಶೀರೂರು ಮಠದ ಸರದಿ, ಮುಂದಿನ ಸಲ ಇದೇ ಮಠಕ್ಕೆ ಬರುವಾಗ ನಿನಗೆ ಎಷ್ಟು ವಯಸ್ಸು ಎಂದು ಮೊಮ್ಮಕ್ಕಳನ್ನು ಕೇಳಿನೋಡಬೇಕು.

ಕೊನೆಗೆ ಚೆನ್ನೆಮಣೆಯ ವಿಷಯ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಳು, ಒಟ್ಟು 56. ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗೆ ಹೋಗಲಾಗದವರು ಕಟ್ಟಿಕೊಂಡ ಆಟ. ಗುಳಿಗೊಂದರಂತೆ ಕಾಳು ಬಿಡುತ್ತ ಹೋಗಬೇಕು, ಯಾವುದನ್ನೂ ಹಾರಿಸಬಾರದು, ಒಂದಕ್ಕೆ ಎರಡು ಹಾಕಬಾರದು. ಒಂದು ವಸ್ತುವಿಗೆ ಒಂದೇ ಹೆಸರು ಎಂದು ಪಂಡಿತರು ಹೇಳಿದ್ದು ಇದನ್ನೇ. ಪಳಗಿದವರು ಕಾಳು ಎತ್ತುವ ಮೊದಲೇ ಅದು ಎಲ್ಲಿ ಮುಗಿಯುತ್ತದೆಂದು ಕಣ್ಣಲ್ಲೇ ಅಳೆದಿರುತ್ತಾರೆ. ಅಕ್ಕತಂಗಿಯರು ಎದುರುಬದುರು ಕುಳಿತು ಆಡಬಾರದೆಂಬ ಕಟ್ಟಳೆಯೊಂದುಂಟು. ಸಿರಿ ಪಾಡ್ದನದ ಅಬ್ಬಗ-ದಾರಗರು ಆಟದಲ್ಲಿ ಜಗಳ ಹತ್ತಿ, ಮಣೆಯಿಂದಲೇ ಏಟು ಬಿದ್ದು ಅನಾಹುತವಾದ ಕತೆ ತುಳುನಾಡಿನಲ್ಲಿ ಎಲ್ಲರಿಗೂ ಗೊತ್ತು. ಹೀಗಾಗಿ ಅಜ್ಜಿ-ಮೊಮ್ಮಗಳು ಆಡುವುದು ಕ್ಷೇಮ. ಈಗ ಮಣೆ ಗೋಡೆಯ ಅಲಂಕಾರವಾಗಿದೆ, ರೆಸಾರ್ಟುಗಳಲ್ಲಿ ಇನ್ನೂ ಎತ್ತರಕ್ಕೆ ಏರಿದೆ.

ಕಳೆದ ಆಟಿಯಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ ನಮ್ಮ ಮನೆಯ ಮಣೆಯನ್ನು ಗೋಡೆಯಿಂದ ಇಳಿಸಿ ಧೂಳು ಒರೆಸಿದೆವು. ಚೀಲದಲ್ಲಿದ್ದ ಮಂಜೊಟ್ಟಿ ಕಾಳುಗಳಲ್ಲಿ ಎಷ್ಟು ಉಳಿದಿವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಐದು ವರ್ಷದ ಮೊಮ್ಮಗಳು ನಾಲ್ಕು ನಾಲ್ಕಾಗಿ ಹಾಕುತ್ತ ಹೋದಳು. ಹನ್ನೆರಡು ಗುಳಿ ತುಂಬಿದವು, ಹದಿಮೂರನೆಯದಕ್ಕೆ ಒಂದೇ ಕಾಳು, ಕೊನೆಯದು ಖಾಲಿ. ಸ್ವಲ್ಪ ಹೊತ್ತು ನೋಡಿದಳು. ‘ಇದಕ್ಕೆ ಮೂರು, ಅದಕ್ಕೆ ನಾಲ್ಕು ಬೇಕು ಅಜ್ಜ’ ಎಂದು ಅಡುಗೆಮನೆಗೆ ಓಡಿ, ಡಬ್ಬಿಯಿಂದ ಒಂದು ಮುಷ್ಟಿ ಹುಣಸೆ ಬೀಜ ತಂದಳು. ಎರಡೂ ಗುಳಿ ತುಂಬಿಸಿ, ಮಿಕ್ಕ ಬೀಜಗಳನ್ನು ಅಜ್ಜಿಯ ಕೈಗೆ ಕೊಟ್ಟು, ಮಣೆಯ ಆಚೆ ಬದಿಗೆ ಹೋಗಿ ಕುಳಿತಳು.